“ಇದೊಂದು ಸಲ” ಅಂದವರ ಹತ್ತಿರ ತಾರೀಖು ಕೇಳು

ಮಗಳೇ,

ಬ್ಯಾಂಕಿನ ಕಂಪ್ಯೂಟರ್ ವಿಭಾಗ ಇನ್ನು ಮೇಲೆ ನಿನ್ನ ಸುಪರ್ದಿಗೆ ಅಂತ ನಿಮ್ಮಪ್ಪ ಹೇಳಿದ. ವೈದ್ಯನಾಥಪುರದ ನಮ್ಮ ಕೇರಿಯ ಹುಡುಗಿಗೆ ಇಷ್ಟು ದೊಡ್ಡ ಹೊಣೆ ಬಂತಲ್ಲ ಅಂತ ಹೆಮ್ಮೆಯಾಯಿತು. ನೀನು ಕಳಿಸಿದ ಮೆಸೇಜನ್ನೂ ಓದಿದೆ. ಚಾರ್ಜ್ ತೆಗೆದುಕೊಂಡ ದಿನ “ಐಟಿ ಭದ್ರತಾ ನೀತಿ” ಅಂತ ಒಂದು ದಪ್ಪ ಫೈಲು ಕೈಗೆ ಕೊಟ್ಟರಂತೆ. “ದೊಡ್ಡಪ್ಪ, ಫೈಲಿನಲ್ಲಿ ಎಲ್ಲಾ ಇದೆ, ಬ್ರಾಂಚಿನಲ್ಲಿ ಏನೂ ಇಲ್ಲ” ಅಂತ ಬರೆದಿದ್ದೀಯ. ಬೆಂಗಳೂರಿನ ಸರ್ವರ್ ರೂಮುಗಳಲ್ಲಿ ಆಯುಷ್ಯ ಕಳೆದವನು ನಾನು. ಈ ಕಸುಬಿನ ಕಷ್ಟವನ್ನು ಇಷ್ಟು ಚೊಕ್ಕವಾಗಿ ಹೇಳಿದವರನ್ನು ಕಂಡಿದ್ದು ಕಡಿಮೆ. ಅದಕ್ಕೇ ಫೋನಿನಲ್ಲಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ನಿಯಮ ಬರೆಯುವುದು ಕಷ್ಟವಲ್ಲ ಕಣವ್ವ. ವಿಂಡೋಸ್ ಹೇಗಿರಬೇಕು, ಲಿನಕ್ಸ್ ಸರ್ವರ್ ಹೇಗಿರಬೇಕು, ಫೈರ್‌ವಾಲ್ ಹೇಗಿರಬೇಕು ಅಂತ ಒಂದೊಂದು ಸೆಟ್ಟಿಂಗನ್ನೂ ಬಿಡಿಸಿ ಹೇಳುವ ಸಿಐಎಸ್ ಬೆಂಚ್‌ಮಾರ್ಕ್ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮಂಥ ಅರ್ಬನ್ ಸಹಕಾರಿ ಬ್ಯಾಂಕುಗಳು ಕನಿಷ್ಠ ಏನೇನು ಮಾಡಬೇಕು ಅಂತ ರಿಸರ್ವ್ ಬ್ಯಾಂಕು 2018ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. 2019ರ ಡಿಸೆಂಬರ್ 31ರಂದು ಅದನ್ನೇ ಬೆಳೆಸಿ, ಬ್ಯಾಂಕಿನ ಡಿಜಿಟಲ್ ವ್ಯವಹಾರಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿತು. ಐಎಸ್‌ಒ 27001 ಕೂಡ 2022ರ ಪರಿಷ್ಕರಣೆಯಲ್ಲಿ ಕಾನ್ಫಿಗರೇಷನ್ ನಿರ್ವಹಣೆಗೆ ಅಂತಲೇ ಒಂದು ಹೊಸ ಅಂಶ ಸೇರಿಸಿದೆ. ನಿಮ್ಮ ಫೈಲು ತಯಾರಾಗಿರುವುದು ಇವನ್ನೆಲ್ಲ ನೋಡಿಕೊಂಡೇ ಇರಬೇಕು, ಅದನ್ನು ಹೊಸದಾಗಿ ಬರೆಯಲು ಹೋಗಬೇಡ. ಒಂದು ಕೆಲಸ ಮಾತ್ರ ಮಾಡು. ಪ್ರತಿ ಸಾಲಿನ ಪಕ್ಕ “ಇದು ಹಾಗಿದೆಯೋ ಇಲ್ಲವೋ ಅಂತ ಹೇಗೆ ನೋಡುವುದು?” ಅಂತ ಬರೆದುಕೊ. “ಪಾಸ್‌ವರ್ಡ್ ಬಲವಾಗಿರಬೇಕು” ಅಂತಿದ್ದರೆ ನೋಡುವುದಕ್ಕೆ ಏನೂ ಇಲ್ಲ. “ಕನಿಷ್ಠ 14 ಅಕ್ಷರ, ಐದು ಸಲ ತಪ್ಪಿದರೆ ಲಾಕ್” ಅಂತಿದ್ದರೆ ಮೆಷೀನನ್ನೇ ಕೇಳಬಹುದು. ಕೇಳಿ ನೋಡಲು ಬಾರದ ಸಾಲನ್ನು ತಿದ್ದು, ಇಲ್ಲವೇ ತೆಗೆದುಹಾಕಲು ಶಿಫಾರಸು ಮಾಡು.

ಇನ್ನು ಜಾರಿ. ನಮ್ಮ ಕಡೆ ನಾಲೆಗೆ ನೀರು ಬಿಟ್ಟಾಗ ಯಾರ ಗದ್ದೆಗೆ ಯಾವಾಗ ಅನ್ನುವ ಸರದಿ ಊರಿಗೆಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ರಾತ್ರಿ ಹೋಗಿ ತೂಬು ಎತ್ತುವವರು ಇದ್ದೇ ಇರುತ್ತಾರೆ. ಸರದಿಯನ್ನು ಉಳಿಸುತ್ತಿದ್ದವನು ನೀರುಗಂಟಿ. ಬೆಳಗಾಗುತ್ತಲೇ ಗುದ್ದಲಿ ಹೆಗಲಿಗೇರಿಸಿಕೊಂಡು ಏರಿಯ ಮೇಲೆ ನಡೆದು, ಎಲ್ಲಿ ಮಡೆ ತಿರುಗಿದೆ ಅಂತ ನೋಡಿ, ಆವತ್ತೇ ಸರಿಮಾಡಿ ಮುಂದೆ ಹೋಗುತ್ತಿದ್ದ. ಜಗಳ ಆಡುತ್ತಿದ್ದದ್ದು ಅಪರೂಪ. ನಾಳೆಯೂ ಬರುತ್ತಾನೆ ಅನ್ನುವುದೇ ಸಾಕಾಗಿತ್ತು. ನಿಮ್ಮ ಫೈಲಿನಲ್ಲಿ ಸರದಿ ಬರೆದಿದೆ, ನಡೆದು ನೋಡುವವರು ಯಾರು ಅಂತ ಬರೆದಿಲ್ಲ. ವರ್ಷಕ್ಕೊಮ್ಮೆ ಬರುವ ಆಡಿಟರ್ ಆ ಕೆಲಸ ಮಾಡಲಾರ. ಅವನು ಬರುವ ಹಿಂದಿನ ವಾರ ಎಲ್ಲ ಬ್ರಾಂಚೂ ಚೆಂದ ಕಾಣುತ್ತವೆ.

ಸಮಾಧಾನದ ವಿಷಯ ಅಂದರೆ ಈ ನಡಿಗೆಯ ಬಹುಪಾಲನ್ನು ಮೆಷೀನಿಗೇ ವಹಿಸಬಹುದು. ವಿಂಡೋಸ್ ಡೊಮೈನಿನಲ್ಲಿ ಗ್ರೂಪ್ ಪಾಲಿಸಿ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ನೀತಿ ಬದಲಾಗಿದೆಯೇ ಅಂತ ಸರ್ವರನ್ನು ಕೇಳುತ್ತದೆ. ಭದ್ರತಾ ಸೆಟ್ಟಿಂಗುಗಳನ್ನಂತೂ ನೀತಿ ಬದಲಾಗದಿದ್ದರೂ 16 ಗಂಟೆಗೊಮ್ಮೆ ಮತ್ತೆ ಹೇರುತ್ತದೆ. ಯಾರೋ ಕೈಯಾಡಿಸಿ ಬದಲಿಸಿದ್ದು ತಾನಾಗಿ ಸರಿಹೋಗುತ್ತದೆ. ನಿಮ್ಮಲ್ಲಿ ಅರ್ಧ ಮೆಷೀನುಗಳು ಡೊಮೈನಿಗೆ ಸೇರಿಯೇ ಇಲ್ಲ ಅಂದೆಯಲ್ಲ, ಮೊದಲು ಅವನ್ನು ಸೇರಿಸು. ಎಲ್ಲ ಮೆಷೀನಿಗೂ ಒಂದೇ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಇದ್ದರೆ ಮೈಕ್ರೋಸಾಫ್ಟಿನ ಲ್ಯಾಪ್ಸ್ ಹಾಕು. ಅದು ಒಂದೊಂದು ಮೆಷೀನಿಗೆ ಒಂದೊಂದು ಪಾಸ್‌ವರ್ಡ್ ಇಟ್ಟು ತಿಂಗಳಿಗೊಮ್ಮೆ ತಾನೇ ಬದಲಿಸುತ್ತದೆ, ಬೇರೆ ದುಡ್ಡು ಕೇಳುವುದಿಲ್ಲ. ಫೈರ್‌ವಾಲ್, ಸ್ವಿಚ್, ರೂಟರ್‌ಗಳ ಕಾನ್ಫಿಗರೇಷನ್ನನ್ನು ಪ್ರತಿ ರಾತ್ರಿ ಎಳೆದು ತಂದು ನಿನ್ನೆಯದರ ಜೊತೆ ಹೋಲಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಡು. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಬದಲಾದ ಸಾಲುಗಳು ನಿನ್ನ ಮೇಲ್‌ನಲ್ಲಿರಬೇಕು. ಬದಲಾವಣೆಗೆ ಒಪ್ಪಿಗೆಯ ಚೀಟಿ ಇದ್ದರೆ ಸರಿ, ಇಲ್ಲದಿದ್ದರೆ ಅವತ್ತೇ ಫೋನ್ ಮಾಡು. ನಾಳೆ ನೋಡೋಣ ಅಂತ ಬಿಟ್ಟರೆ ಅದೇ ರೂಢಿಯಾಗುತ್ತದೆ.

ಆದರೆ ಮೆಷೀನು ನೋಡುವುದು ಅದಕ್ಕೆ ಗೊತ್ತಿರುವುದನ್ನು ಮಾತ್ರ. ಗೊತ್ತಿಲ್ಲದ್ದನ್ನು ಹುಡುಕಲು ನೀನೇ ಬ್ರಾಂಚಿಗೆ ಹೋಗಬೇಕು, ಹೋಗಿ ಬಗ್ಗಿ ನೋಡಬೇಕು. ಕೌಂಟರಿನ ಕೆಳಗೆ ಕಾಲಿಗೆ ಸಿಗುವ ವೈರಿನ ಗೊಂಚಲು ಬಿಡಿಸಿದರೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಪುಟಾಣಿ ಸ್ವಿಚ್ ಇರುತ್ತದೆ. ಅದರಿಂದ ಹೊರಟ ಕೇಬಲ್ ಮ್ಯಾನೇಜರ್ ರೂಮಿನ ವೈಫೈ ಡಬ್ಬಿಗೆ ಹೋಗಿರುತ್ತದೆ. ಅದರ ಬೆನ್ನಿಗೆ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿರುತ್ತಾರೆ. ಸಿಸಿಟಿವಿಯ ಡಿವಿಆರ್ ಕ್ಯಾಷ್ ಕೌಂಟರಿನ ನೆಟ್‌ವರ್ಕಿನಲ್ಲೇ ಕೂತಿರುತ್ತದೆ, ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡಿನ ಸಮೇತ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಮು ಜಗತ್ತಿನ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಅದರ ಬತ್ತಳಿಕೆಯಲ್ಲಿ ಇದ್ದದ್ದು ಅಂಥ 60 ಚಿಲ್ಲರೆ ಡೀಫಾಲ್ಟ್ ಹೆಸರು-ಪಾಸ್‌ವರ್ಡುಗಳ ಪಟ್ಟಿ, ಅಷ್ಟೇ.

ಆಮೇಲೆ ಪಾಸ್‌ಬುಕ್ ಪ್ರಿಂಟರ್. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲು, ಯಾಕೆಂದರೆ ನಿನ್ನ ಮುಂದಿನ ಜಗಳವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಪ್ರಿಂಟರ್ ಗಟ್ಟಿಮುಟ್ಟಾಗಿದೆ, ಹತ್ತು ವರ್ಷದಿಂದ ಟರ್ರ್ ಅಂತ ಹೊಡೆಯುತ್ತಲೇ ಇದೆ. ಆದರೆ ಅದರ ಡ್ರೈವರ್ ಹೊಸ ವಿಂಡೋಸಿನಲ್ಲಿ ಓಡುವುದಿಲ್ಲ. ಹಾಗಾಗಿ ಅದಕ್ಕೆ ಜೋಡಿಸಿದ ಮೆಷೀನಿನಲ್ಲಿ ಇನ್ನೂ ವಿಂಡೋಸ್ 7 ಇದೆ. ಮೈಕ್ರೋಸಾಫ್ಟ್ ಅದಕ್ಕೆ ಪ್ಯಾಚ್ ಕೊಡುವುದನ್ನು 2020ರ ಜನವರಿ 14ಕ್ಕೇ ನಿಲ್ಲಿಸಿತು. ವಿಂಡೋಸ್ 10ರ ಗಡುವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಅನ್ನುವುದು ನೆನಪಿರಲಿ. ನಿಯಮದ ಪ್ರಕಾರ ಆ ಮೆಷೀನನ್ನು ಇವತ್ತೇ ತೆಗೆಸಬೇಕು. ತೆಗೆಸಿದರೆ ನಾಳೆ ಬೆಳಿಗ್ಗೆ ಪಾಸ್‌ಬುಕ್ ಹಿಡಿದುಕೊಂಡು ಬರುವ ಅಜ್ಜಿಗೆ ಏನು ಹೇಳುತ್ತಾರೆ? ಮೊಬೈಲ್ ಆ್ಯಪ್ ನೋಡಿ ಅಂತ ಹೇಳುವುದಕ್ಕಾಗುತ್ತದೆಯೇ? ದುಡ್ಡು ಅಚ್ಚಾಗಿ ಕಂಡರೇನೇ ಆಕೆಗೆ ನೆಮ್ಮದಿ, ಅದು ಆಕೆಯ ಹಕ್ಕೂ ಹೌದು.

ಇಂಥ ಕಡೆ “ಆಗಲ್ಲ” ಅನ್ನಬೇಡ, “ಆಯ್ತು ಬಿಡಿ” ಅಂತಲೂ ಅನ್ನಬೇಡ. ವಿನಾಯಿತಿ ಅಂತ ಒಂದು ರಿಜಿಸ್ಟರ್ ತೆರೆ. ಯಾವ ಮೆಷೀನು, ಯಾವ ನಿಯಮಕ್ಕೆ ವಿನಾಯಿತಿ, ಕೇಳಿದವರು ಯಾರು, ಒಪ್ಪಿ ಸಹಿ ಹಾಕಿದವರು ಯಾರು, ಅಲ್ಲಿಯವರೆಗೆ ಬೇರೆ ಏನು ಕಾವಲು, ಯಾವ ತಾರೀಖಿಗೆ ಮುಗಿಯುತ್ತದೆ. ಪಾಸ್‌ಬುಕ್ ಮೆಷೀನಿಗಾದರೆ ಕಾವಲು ಹೀಗಿರಬಹುದು: ಅದನ್ನು ಪ್ರತ್ಯೇಕ ವಿ-ಲ್ಯಾನ್‌ಗೆ ಹಾಕು, ಇಂಟರ್‌ನೆಟ್ ಕತ್ತರಿಸು, ಪೆನ್‌ಡ್ರೈವ್ ಪೋರ್ಟ್ ಮುಚ್ಚು, ಬ್ಯಾಂಕಿಂಗ್ ಸರ್ವರಿನ ಒಂದೇ ಒಂದು ಪೋರ್ಟಿಗೆ ಮಾತ್ರ ದಾರಿ ಬಿಡು. ತಾರೀಖು ಅಂದರೆ ಹೊಸ ಪ್ರಿಂಟರ್ ಖರೀದಿಗೆ ಬಜೆಟ್ ಸಿಗುವ ಆರ್ಥಿಕ ವರ್ಷ. ಸಹಿ ಬ್ರಾಂಚ್ ಮ್ಯಾನೇಜರದ್ದಿರಲಿ, ನಿನ್ನದು ಬೇಡ. ಅಪಾಯವನ್ನು ಒಪ್ಪಿಕೊಳ್ಳುವವರು ಆ ಕೆಲಸದ ಯಜಮಾನರು. ನೀನು ಅಪಾಯ ಏನು ಅಂತ ಬಿಡಿಸಿ ಹೇಳುವವಳು. ಈ ವ್ಯತ್ಯಾಸ ಬಿಡಬೇಡ.

ತಾರೀಖಿನ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಫೈರ್‌ವಾಲ್ ನಿಯಮಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋಗುವಾಗ ಒಂದು ಸಾಲು ಸಿಕ್ಕಿತು. ಎಲ್ಲಿಂದ ಬೇಕಾದರೂ, ಎಲ್ಲಿಗೆ ಬೇಕಾದರೂ, ಯಾವ ಪೋರ್ಟಿಗೆ ಬೇಕಾದರೂ ಬಿಡು ಅನ್ನುವ ಸಾಲು. ಪಕ್ಕದಲ್ಲಿ ಷರಾ: “ಟೆಸ್ಟಿಂಗ್, ಎರಡು ದಿನಕ್ಕೆ.” ಬರೆದ ಹುಡುಗ ಕೆಲಸ ಬಿಟ್ಟು ವರ್ಷಗಳೇ ಆಗಿದ್ದವು. ಆ ಸಾಲಿನ ಕೆಳಗೆ ಅಚ್ಚುಕಟ್ಟಾಗಿ ಬರೆದಿದ್ದ ನೂರಾರು ನಿಯಮಗಳಲ್ಲಿ ಒಂದಕ್ಕೂ ಕೆಲಸವೇ ಇರಲಿಲ್ಲ, ಎಲ್ಲ ಮೇಲಿನ ಸಾಲಿನಲ್ಲೇ ಒಳಗೆ ನುಗ್ಗುತ್ತಿತ್ತು. “ಇದೊಂದು ಸಲ” ಅಂದವರು ಕೆಟ್ಟವರಾಗಿರುವುದಿಲ್ಲ ಮಗಳೇ, ಅವರಿಗೆ ಅವತ್ತಿನ ಅವಸರ ಇರುತ್ತದೆ. ಅದಕ್ಕೇ ತಾರೀಖು ಕೇಳು. ಈಗಿನ ಬಹಳಷ್ಟು ಫೈರ್‌ವಾಲ್‌ಗಳಲ್ಲಿ ನಿಯಮಕ್ಕೆ ಅವಧಿ ಹಾಕಬಹುದು, ಗಡುವು ಮುಗಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಯಾರ ನೆನಪಿನ ಮೇಲೂ ಭಾರ ಬೀಳುವುದಿಲ್ಲ.

ಇದೆಲ್ಲ ದೊಡ್ಡ ಬ್ಯಾಂಕುಗಳ ತಾಪತ್ರಯ, ನಮ್ಮಂಥ ಸಣ್ಣವರನ್ನು ಯಾರು ನೋಡುತ್ತಾರೆ ಅಂತ ನಿಮ್ಮ ನಿರ್ದೇಶಕರಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಅವರಿಗೆ ಹೈದರಾಬಾದಿನ ಎ.ಪಿ. ಮಹೇಶ್ ಸಹಕಾರಿ ಅರ್ಬನ್ ಬ್ಯಾಂಕಿನ ಕಥೆ ಹೇಳು. ಸಿಬ್ಬಂದಿಗೆ ಬಂದ ಮೋಸದ ಇಮೇಲ್ ಮೂಲಕ ಒಳಹೊಕ್ಕವರು 2022ರ ಜನವರಿಯಲ್ಲಿ 12 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ದೇಶದ ಉದ್ದಗಲದ ನೂರಕ್ಕೂ ಹೆಚ್ಚು ಖಾತೆಗಳಿಗೆ ಚದುರಿಸಿದರು. ತನಿಖೆ ಮಾಡಿದ ಪೊಲೀಸರು ಬ್ಯಾಂಕಿನ ನೆಟ್‌ವರ್ಕ್ ಕಾವಲಿನ ಲೋಪಗಳನ್ನೇ ಎತ್ತಿ ತೋರಿಸಿದರು. 2023ರಲ್ಲಿ ರಿಸರ್ವ್ ಬ್ಯಾಂಕು ಆ ಬ್ಯಾಂಕಿಗೆ 65 ಲಕ್ಷ ದಂಡ ಹಾಕಿತು. ಕಳ್ಳತನವಾದ ಮನೆಯವರಿಗೇ ದಂಡವೇ ಅಂತ ಅನ್ನಿಸಬಹುದು. ಆದರೆ ಅಲ್ಲಿದ್ದದ್ದು ಬೇರೆಯವರ ದುಡ್ಡು. ನನಗೆ ಆ ದಂಡ ನ್ಯಾಯವಾಗಿಯೇ ಕಂಡಿತು.

ಇನ್ನೊಂದು ನಿನಗೆ ಇನ್ನೂ ಹತ್ತಿರದ್ದು. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಯುಪಿಐ ನಡೆಸುವ ಎನ್‌ಪಿಸಿಐ ಜುಲೈ 31ರಂದು ಆ ಸಂಸ್ಥೆಯ ಸಂಪರ್ಕವನ್ನೇ ಕತ್ತರಿಸಿ ಇಟ್ಟಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತುಹೋಯಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಜಾಡು ಹಿಡಿದು ನೋಡಿದಾಗ ಕಂಡ ಬಾಗಿಲು ಯಾವುದು ಗೊತ್ತೇ? ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಬೇರೊಂದು ಕಂಪನಿಯಲ್ಲಿ ಸರಿಯಾಗಿ ಕಾನ್ಫಿಗರ್ ಮಾಡದ ಒಂದು ಜೆಂಕಿನ್ಸ್ ಸರ್ವರ್. ಒಂದು ಸರ್ವರ್, ಅದೂ ಬ್ಯಾಂಕಿನದ್ದಲ್ಲ, ಬ್ಯಾಂಕಿನ ವೆಂಡರಿನದ್ದೂ ಅಲ್ಲ. ಹಾಗಾಗಿ ನಿಮ್ಮ ಸಾಫ್ಟ್‌ವೇರ್ ವೆಂಡರಿನ ಕರಾರು ನವೀಕರಣಕ್ಕೆ ಬಂದಾಗ, ನಿಮ್ಮ ಮಾನದಂಡ ಅವರಿಗೂ ಅನ್ವಯ ಅನ್ನುವ ಷರತ್ತು ಸೇರಿಸಲು ಹೇಳು. ಅವರ ಹುಡುಗರು ಆರಾಮಾಗಿ ಮನೆಯಿಂದಲೇ ರಿಮೋಟ್‌ನಲ್ಲಿ ಬರಲಿ ಅಂತ ಸದಾ ತೆರೆದಿಟ್ಟಿರುವ ಎನಿಡೆಸ್ಕ್ ಇದೆಯಲ್ಲ, ಅದನ್ನು ಮುಚ್ಚು. ಕರೆ ಬಂದಾಗ ತೆರೆ, ಕೆಲಸ ಮುಗಿದಾಗ ಮುಚ್ಚು, ಯಾರು ಬಂದರು ಯಾವಾಗ ಹೋದರು ಅಂತ ಲಾಗ್ ಇರಲಿ.

ಲಾಗ್ ಅಂದಾಗ ಒಂದು ಮಾತು. ಸೈಬರ್ ಅವಘಡಗಳನ್ನು ನೋಡಿಕೊಳ್ಳುವ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಅವಘಡ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಎಲ್ಲ ಮೆಷೀನಿನ ಗಡಿಯಾರವೂ ಎನ್ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು. ಗಡಿಯಾರದ ಸಾಲನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಒಂದು ಬ್ರಾಂಚಿನ ಗಡಿಯಾರ ಏಳು ನಿಮಿಷ ಹಿಂದೆ, ಇನ್ನೊಂದರದು ನಾಲ್ಕು ನಿಮಿಷ ಮುಂದೆ ಇದ್ದರೆ ಯಾರು ಮೊದಲು ಲಾಗಿನ್ ಆದರು ಅಂತ ಹೇಳುವುದಕ್ಕೇ ಆಗುವುದಿಲ್ಲ. ಅರ್ಧ ದಿನದ ಕೆಲಸ, ಮೊದಲ ವಾರವೇ ಮುಗಿಸು.

ಜಾರಿ ಅಂದರೆ ಏನು ಅಂತ ನಮ್ಮ ನಾಡೇ ಒಂದು ಸಲ ಮಾಡಿ ತೋರಿಸಿದೆ. ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬಂದ “ಭೂಮಿ” ಯೋಜನೆ ಅದು. ಅಲ್ಲಿಯವರೆಗೆ ಪಹಣಿ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಕೊಟ್ಟಾಗ ಕೊಟ್ಟರು, ಬರೆದದ್ದೇ ಬರಹ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದ್ದು ದೊಡ್ಡ ಕೆಲಸವೇ. ಆದರೆ ನಾನು ಮೆಚ್ಚುವುದು ಆಮೇಲಿನದನ್ನು. ಒಂದು ತಾಲ್ಲೂಕಿನ ಕೆಲಸ ಮುಗಿದ ಕೂಡಲೇ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಘೋಷಿಸಿದರು. ಎರಡೂ ಕೆಲವು ಕಾಲ ನಡೆಯಲಿ ಅಂತ ಬಿಟ್ಟಿದ್ದರೆ ಹಳೆಯದೇ ಉಳಿಯುತ್ತಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು, ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸುವ ಮಾತೇ ಇಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ಮಧ್ಯದ್ದನ್ನು ಎತ್ತಿ ಮೇಲಿಡಲು ಸಾಫ್ಟ್‌ವೇರೇ ಬಿಡುವುದಿಲ್ಲ. ಕಿಯೋಸ್ಕಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ, ಒಳಗೆ ಏನು ಮಾಡುತ್ತಿದ್ದಾರೆ ಅಂತ ಆತನಿಗೂ ಕಾಣಲಿ ಅಂತ. ಆಗ 15 ರೂಪಾಯಿಗೆ ಪಹಣಿ. ನಿಯಮವನ್ನು ಸುತ್ತೋಲೆಯಲ್ಲಿ ಬರೆದು ಸುಮ್ಮನಾಗದೆ ವ್ಯವಸ್ಥೆಯ ಒಳಗೇ ಹಾಕಿದರು. ಆಮೇಲೆ ಕಂದಾಯ ಇಲಾಖೆಯಲ್ಲಿ ಎಲ್ಲವೂ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ನಿನ್ನ ಕೆಲಸಕ್ಕೆ ಬೇಕಾದ ಪಾಠ ಅಲ್ಲಿದೆ: ಹೊಸ ಮಾನದಂಡ ಬಂದ ದಿನ ಹಳೆಯ ದಾರಿ ಮುಚ್ಚಬೇಕು. ಹೊಸ ಫೈಲ್ ಸರ್ವರ್ ಹಾಕಿದ ಮೇಲೂ ಹಳೆಯ ಶೇರ್ ಫೋಲ್ಡರ್ ತೆರೆದಿದ್ದರೆ ಜನ ಅಲ್ಲೇ ಇರುತ್ತಾರೆ.

ಹಾಗಂತ ಎಲ್ಲವನ್ನೂ ಒಂದೇ ಏಟಿಗೆ ಎಲ್ಲ ಕಡೆ ಹಾಕಬೇಡ. 2024ರ ಜುಲೈ 19 ನಿನಗೆ ನೆನಪಿರುತ್ತದೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳಿಸಿದ ಒಂದು ದೋಷವಿದ್ದ ಕಾನ್ಫಿಗರೇಷನ್ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮೆಷೀನುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಕಾವಲಿಗೆ ಅಂತ ಇಟ್ಟದ್ದೇ ಬಾಗಿಲು ಹಾಕಿಬಿಟ್ಟಿತು. ಇನ್ನೊಂದು ಕಡೆ ತಡ ಮಾಡಿದರೂ ಕಷ್ಟ. 2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತ್ತು, ವನ್ನಾಕ್ರೈ ರ‍್ಯಾನ್ಸಮ್‌ವೇರ್ ಬಂದದ್ದು ಮೇ 12ಕ್ಕೆ. ಎರಡು ತಿಂಗಳು ಸಮಯವಿತ್ತು, ಹಾಕಿಕೊಳ್ಳದವರು ಹಾಳಾದರು. ಈ ಎರಡರ ನಡುವೆ ನಿನ್ನದೊಂದು ನಡಿಗೆ ಇರಲಿ. ಮೊದಲ ದಿನ ನಿನ್ನ ಮೆಷೀನು, ನಿನ್ನ ವಿಭಾಗದ ಮೆಷೀನು. ಎರಡು ದಿನ ಬಿಟ್ಟು ವ್ಯವಹಾರ ಕಡಿಮೆ ಇರುವ ಒಂದು ಬ್ರಾಂಚು. ಆಮೇಲೆ ಉಳಿದವು. ಕಬ್ಬಿನ ಬಿಲ್ಲು ಖಾತೆಗೆ ಬೀಳುವ ದಿನ, ಸಂಬಳದ ವಾರ, ಮಾರ್ಚ್ ಕೊನೆ, ಈ ದಿನಗಳಲ್ಲಿ ಸರ್ವರಿನ ಹತ್ತಿರ ಸುಳಿಯಲೇಬೇಡ. ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನು ಬರೆದಿಟ್ಟುಕೊಳ್ಳದೆ ಯಾವ ಬದಲಾವಣೆಗೂ ಕೈ ಹಾಕಬೇಡ.

ಜನರ ಮಾತಿಗೆ ಬರುತ್ತೇನೆ. ಕ್ಯಾಷಿಯರ್ ತನ್ನ ಪಾಸ್‌ವರ್ಡನ್ನು ಪಕ್ಕದವರಿಗೆ ಕೊಟ್ಟಿದ್ದಾರೆ ಅಂತ ಗೊತ್ತಾದರೆ ಮೆಮೊ ಬರೆಯುವ ಮುಂಚೆ ಯಾಕೆ ಕೊಟ್ಟರು ಅಂತ ಕೇಳು. ನಾಲ್ಕು ಜನ ಇರಬೇಕಾದ ಬ್ರಾಂಚಿನಲ್ಲಿ ಇಬ್ಬರಿದ್ದಾರೆ, ಒಬ್ಬರು ಊಟಕ್ಕೆ ಹೋದರೆ ವೋಚರ್ ಪಾಸ್ ಮಾಡುವವರಿಲ್ಲ, ಕ್ಯೂನಲ್ಲಿ ಜನ ಕೂಗಾಡುತ್ತಾರೆ. ಅದು ಸಿಬ್ಬಂದಿ ಕೊರತೆ. ಪಾಸ್‌ವರ್ಡ್ ನೀತಿಯಿಂದ ಅದು ಸರಿಹೋಗುವುದಿಲ್ಲ. ಊಟದ ಹೊತ್ತಿಗೆ ಪಕ್ಕದ ಬ್ರಾಂಚಿನವರು ತಮ್ಮದೇ ಐಡಿಯಲ್ಲಿ ಪಾಸ್ ಮಾಡುವ ವ್ಯವಸ್ಥೆ ಮಾಡಿಸಿಕೊಡು, ಆಮೇಲೆ ಹಂಚಿಕೆ ನಿಲ್ಲಿಸು. ನಿನಗಿಂತ ಹಿರಿಯರನ್ನು ಅಣ್ಣ, ಅಕ್ಕ, ಸಾರ್ ಅಂತ ಕರೆದೇ ಮಾತಾಡು, ಆದರೆ ಸೆಟ್ಟಿಂಗ್ ವಿಷಯದಲ್ಲಿ ಸಡಿಲ ಬಿಡಬೇಡ. ಎರಡೂ ಒಟ್ಟಿಗೆ ಆಗುತ್ತದೆ.

ನಿರ್ದೇಶಕ ಮಂಡಳಿಯ ಮುಂದೆ ತಿಂಗಳಿಗೊಂದು ಹಾಳೆ ಇಡು, ಹೆಚ್ಚು ಬೇಡ. ಒಟ್ಟು ಎಷ್ಟು ಮೆಷೀನುಗಳಲ್ಲಿ ಎಷ್ಟು ನಿಯಮಕ್ಕೆ ಬದ್ಧವಾಗಿವೆ, ಗಡುವು ಮುಗಿದೂ ತೆರೆದಿರುವ ವಿನಾಯಿತಿಗಳು ಯಾವುವು, ಯಾರ ಸಹಿಯವು. ಆ ಕೊನೆಯ ಕಾಲಂ ಇರಲೇಬೇಕು. ಹಳೆಯ ಪ್ರಿಂಟರ್ ಬದಲಿಸಲು ದುಡ್ಡು ಮಂಜೂರಾಗುವುದು ಆ ಕಾಲಂ ನೋಡಿದ ಮೇಲೆಯೇ.

ಯಾವ ಬ್ರಾಂಚಿನಿಂದ ಶುರು ಮಾಡಲಿ ಅಂತ ಕೇಳಿದ್ದೆ. ಬ್ರಾಂಚಿನಿಂದ ಬೇಡ. ಎಂ.ಡಿ. ಸಾಹೇಬರ ಲ್ಯಾಪ್‌ಟಾಪಿನಿಂದ ಶುರು ಮಾಡು. ಮೊದಲೇ ಸಮಯ ಕೇಳಿಕೊಂಡು ಹೋಗಿ, ಅದರ ಅಡ್ಮಿನ್ ಹಕ್ಕು ತೆಗೆದು, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಬೇಡದ ಸಾಫ್ಟ್‌ವೇರ್ ಅಳಿಸಿ, ಅವರ ಎದುರಿಗೇ ಅವರ ದಿನನಿತ್ಯದ ಕೆಲಸವೆಲ್ಲ ನಡೆಯುತ್ತದೆಯೇ ಅಂತ ಮಾಡಿ ತೋರಿಸು. ಅವರು ಒಪ್ಪಿದರೆ ಮಿಕ್ಕ ಮ್ಯಾನೇಜರುಗಳು ವಿನಾಯಿತಿ ಕೇಳುವ ಮುಂಚೆ ಒಂದು ಸಲ ಯೋಚಿಸುತ್ತಾರೆ. ಅವರೇ ಒಪ್ಪದಿದ್ದರೆ ರಿಜಿಸ್ಟರಿನ ಮೊದಲ ಸಾಲು ಅವರದೇ, ತಾರೀಖಿನ ಸಮೇತ. ಅದಾದ ಮೇಲೆ ಬ್ರಾಂಚುಗಳ ಪಟ್ಟಿ ತೆಗೆದುಕೊಂಡು ಒಂದು ಭಾನುವಾರ ಊರಿಗೆ ಬಾ, ಸರದಿಯನ್ನು ಇಬ್ಬರೂ ಕೂತು ಗೊತ್ತು ಮಾಡೋಣ.

ನಿನ್ನ ದೊಡ್ಡಪ್ಪ